ವಾಪಸ್ ಕೊಟ್ಟ ಪದಕ: ರಸ್ಟಿ ಕನೊಕೊಗಿ ಕಥೆ

ಭಾಗ 1/10

1959ನೇ ಇಸವಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಯೂಟಿಕಾ ಅಂತ ಒಂದು ಊರು. ವೈಎಂಸಿಎ ಸಂಸ್ಥೆಯ ರಾಜ್ಯ ಮಟ್ಟದ ಜೂಡೋ ಪಂದ್ಯಾವಳಿ ಈಗಷ್ಟೇ ಮುಗಿದಿದೆ. ಗೆದ್ದ ತಂಡದವರಿಗೆಲ್ಲ ಪದಕ ಸಿಕ್ಕಿದೆ. ಅಷ್ಟರಲ್ಲಿ ಆಯೋಜಕರು ಆ ತಂಡದ ಒಬ್ಬರನ್ನು ಪಕ್ಕಕ್ಕೆ ಕರೀತಾರೆ. ಅವರು ಕೇಳೋದು ಒಂದೇ ಪ್ರಶ್ನೆ: ನೀನು ಹೆಣ್ಣಾ ಅಂತ.

ಆಕೆ ಹೌದು ಅಂತ ತಲೆ ಆಡಿಸಿದರು. ಪದಕ ವಾಪಸ್ ಕೊಡಬೇಕಾಯಿತು.

ಯಾರಿಗೂ ಮೋಸ ಆಗಿರಲಿಲ್ಲ. ಎದುರಾಳಿ ಗಂಡಸು, ಆತನನ್ನು ಆಕೆ ನ್ಯಾಯವಾಗಿಯೇ ಸೋಲಿಸಿದ್ದರು. ತಂಡವೂ ಗೆದ್ದಿತ್ತು. ಆದರೂ ಪದಕ ಹೋಯ್ತು, ಕಾರಣ ಇಷ್ಟೇ: ಗೆದ್ದಿದ್ದು ಹೆಣ್ಣು.

ಆಕೆಯ ಹೆಸರು ರೀನಾ ಗ್ಲಿಕ್‌ಮನ್. ಮುಂದೆ ಜಗತ್ತು ಆಕೆಯನ್ನು ರಸ್ಟಿ ಕನೊಕೊಗಿ ಅಂತ ಕರೆಯಿತು. ಇವತ್ತು ಹೆಣ್ಣುಮಕ್ಕಳ ಜೂಡೋ ಒಲಿಂಪಿಕ್ಸ್‌ನಲ್ಲಿ ಇದೆ ಅಂದ್ರೆ ಅದರ ಹಿಂದೆ ಈ ಒಬ್ಬ ಹೆಂಗಸಿನ ಮೂವತ್ತು ವರ್ಷದ ಹಟ ಇದೆ.

ತೊಗರ್ಸಿಯಲ್ಲಿ ಕೂತು ನ್ಯೂಯಾರ್ಕಿನ ಕಥೆ ಯಾಕೆ ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ನಮ್ಮ ಕಡೆ ಜಾತ್ರೆ ಅಂದ್ರೆ ಜಂಗಿ ಕುಸ್ತಿ, ದೀಪಾವಳಿ ಮುಗೀತು ಅಂದ್ರೆ ಹೋರಿ ಹಬ್ಬ. ಎರಡರಲ್ಲೂ ಕಣದ ಒಳಗೆ ಯಾರಿರ್ತಾರೆ, ಮಾಳಿಗೆ ಮೇಲೆ ನಿಂತು ಯಾರು ನೋಡ್ತಾರೆ ಅನ್ನೋದು ನಿಮಗೇ ಗೊತ್ತು. ಕಣದ ಗೆರೆ ಯಾರು ಎಳೀತಾರೆ, ಅದನ್ನ ಯಾರು ಅಳಿಸ್ತಾರೆ ಅನ್ನೋದು ಕೂಡ ಇತಿಹಾಸವೇ. ಅದಕ್ಕೇ ಈ ಸಲದ ಸರಣಿ.

ಒಟ್ಟು ಹತ್ತು ಪೋಸ್ಟ್. ನಿಧಾನಕ್ಕೆ ಓದಿ.

ಭಾಗ 2/10

ಮೊದಲು ಜೂಡೋ ಅಂದ್ರೆ ಏನು ಅಂತ ತಿಳ್ಕೊಳ್ಳೋಣ. ಕರಾಟೆ ಬೇರೆ, ಜೂಡೋ ಬೇರೆ. ಜೂಡೋದಲ್ಲಿ ಗುದ್ದು ಇಲ್ಲ, ಒದೆ ಇಲ್ಲ. ದಪ್ಪ ಬಟ್ಟೆಯ ಅಂಗಿ ತೊಟ್ಟ ಇಬ್ಬರು ಒಬ್ಬರ ಅಂಗಿಯನ್ನು ಇನ್ನೊಬ್ಬರು ಹಿಡಿದು, ಎದುರಾಳಿಯ ತೂಕ ತಪ್ಪಿಸಿ, ಎತ್ತಿ ಬೆನ್ನ ಮೇಲೆ ಬೀಳಿಸೋದು. ಚೆನ್ನಾಗಿ, ಜೋರಾಗಿ, ಪೂರ್ತಿ ಬೆನ್ನು ತಾಗುವ ಹಾಗೆ ಬಿದ್ದರೆ ಅದಕ್ಕೆ ‘ಇಪ್ಪೋನ್’ ಅಂತಾರೆ. ಅಲ್ಲಿಗೆ ಪಂದ್ಯ ಮುಗೀತು. ನಮ್ಮ ಕುಸ್ತಿಯಲ್ಲಿ ಚಿತ್ ಮಾಡೋದು ಇದ್ಯಲ್ಲ, ಹೆಚ್ಚುಕಡಿಮೆ ಹಂಗೆ.

ಇದನ್ನು ಕಟ್ಟಿದವರು ಜಪಾನಿನ ಕಾನೊ ಜಿಗೊರೊ. 1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ ‘ಕೊಡೊಕಾನ್’ ಅನ್ನೋ ಶಾಲೆ ಶುರು ಮಾಡಿದರು. ಎದುರಾಳಿಯ ಬಲವನ್ನೇ ಬಳಸಿಕೊಂಡು ಆತನನ್ನು ಬೀಳಿಸಬೇಕು ಅನ್ನೋದು ಇದರ ಮೂಲ. ಅಂದ್ರೆ ಸಣ್ಣವರೂ ದೊಡ್ಡವರನ್ನು ಬೀಳಿಸಬಹುದು. ಈ ಮಾತನ್ನ ನೆನಪಿಟ್ಕೊಳ್ಳಿ.

ಇಷ್ಟು ಚೆಂದದ ತತ್ವ ಇದ್ರೂ ಹೆಣ್ಣುಮಕ್ಕಳಿಗೆ ದಾರಿ ಸಲೀಸಾಗಿರಲಿಲ್ಲ. ಕೊಡೊಕಾನ್‌ನಲ್ಲಿ ಮಹಿಳಾ ವಿಭಾಗ ಶುರುವಾಗಿದ್ದು 1926ರಲ್ಲಿ. ಅಲ್ಲಿ ಕಲಿಸ್ತಿದ್ದಿದ್ದು ಹೆಚ್ಚಾಗಿ ಮೊದಲೇ ಗೊತ್ತುಮಾಡಿದ ಚಲನೆಗಳು. ಪಂದ್ಯಕ್ಕೆ ಇಳಿಯುವ ಹಾಗಿಲ್ಲ. ಹೆಣ್ಣುಮಕ್ಕಳು ಕಪ್ಪು ಬೆಲ್ಟ್ ಪಡೆದರೂ ಅದರ ಉದ್ದಕ್ಕೂ ಒಂದು ಬಿಳಿ ಗೆರೆ ಇರ್ತಿತ್ತು. ನೋಡಿದ ಕೂಡಲೇ ಇದು ಹೆಂಗಸರ ಬೆಲ್ಟ್ ಅಂತ ತಿಳಿಯಲಿ ಅಂತ.

ಫುಕುದಾ ಕೆಯ್ಕೊ ಅಂತ ಒಬ್ಬರಿದ್ದರು. ಕಾನೊ ಅವರಿಗೇ ಜುಜುತ್ಸು ಕಲಿಸಿದ ಗುರುವಿನ ಮೊಮ್ಮಗಳು. ಇವರಿಗೆ ಐದನೇ ದರ್ಜೆ ಸಿಕ್ಕಿದ್ದು 1953ರಲ್ಲಿ. ಆಮೇಲೆ? ಹೆಂಗಸರಿಗೆ ಐದಕ್ಕಿಂತ ಮೇಲೆ ದರ್ಜೆ ಇರಲಿಲ್ಲ. ಆರನೇ ದರ್ಜೆ ಬರೋಕೆ 1972ರವರೆಗೆ, ಸುಮಾರು ಇಪ್ಪತ್ತು ವರ್ಷ ಕಾಯಬೇಕಾಯ್ತು. ಕಲಿತದ್ದು ಸಾಲದು ಅಂತ ಅಲ್ಲ. ಏಣಿಗೆ ಮೇಲಿನ ಮೆಟ್ಟಿಲೇ ಇರಲಿಲ್ಲ.

ನಮ್ಮ ಕಥೆಯ ರಸ್ಟಿ ಬಂದು ಬಡಿದಿದ್ದು ಇಂಥ ಬಾಗಿಲನ್ನು.

ಭಾಗ 3/10

ರೀನಾ ಹುಟ್ಟಿದ್ದು 1935ರ ಜುಲೈ 30ರಂದು, ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ, ಒಂದು ಯಹೂದಿ ಮನೆಯಲ್ಲಿ. ಬೆಳೆದಿದ್ದು ಕೋನಿ ಐಲ್ಯಾಂಡ್ ಅನ್ನೋ ಸಮುದ್ರ ತೀರದ ಬಡಾವಣೆಯಲ್ಲಿ. ಆ ಜಾಗ ಹೆಂಗೆ ಅಂದ್ರೆ, ನಮ್ಮ ಜಾತ್ರೆ ಬೇಸಿಗೆ ಪೂರ್ತಿ ಮುಗೀದೇ ಇದ್ದರೆ ಹೆಂಗಿರುತ್ತೋ ಹಂಗೆ: ತಿರುಗೋ ತೊಟ್ಟಿಲು, ತಿಂಡಿ ಅಂಗಡಿ, ಜನವೋ ಜನ. ಹೊರಗಿನಿಂದ ಬಂದವರಿಗೆ ಮೋಜು. ಅಲ್ಲೇ ಬದುಕೋ ಬಡವರಿಗೆ ಮೋಜಿಲ್ಲ, ಬರೀ ದುಡಿತ.

ರೀನಾ ಚಿಕ್ಕಂದಿನಿಂದಲೇ ಸಣ್ಣಪುಟ್ಟ ಕೆಲಸ ಮಾಡಿ ದುಡ್ಡು ಸಂಪಾದಿಸಿದವಳು. ಸ್ವಲ್ಪ ದೊಡ್ಡವಳಾದ ಮೇಲೆ ಬೀದಿಯ ಹುಡುಗಿಯರ ಗುಂಪೊಂದಕ್ಕೆ ನಾಯಕಿ. ಜಗಳ ಅಂದ್ರೆ ಮುಂದೆ. ‘ರಸ್ಟಿ’ ಅನ್ನೋ ಅಡ್ಡಹೆಸರು ಬಂದಿದ್ದು ಅವರ ಬೀದಿಯ ಒಂದು ನಾಯಿಯ ಹೆಸರಿನಿಂದ! ನಮ್ಮ ಶಾಲೆಗಳಲ್ಲೂ ಅಡ್ಡಹೆಸರು ಹಿಂಗೇ ಹುಟ್ಟುತ್ತೆ. ಒಂದು ಸಲ ಅಂಟಿದರೆ ಮುಗೀತು, ಮನೆಯವರು ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ.

1955ರಲ್ಲಿ ಗೆಳೆಯನೊಬ್ಬ ತಾನು ಕಲಿತ ಜೂಡೋ ಪಟ್ಟೊಂದನ್ನು ರಸ್ಟಿಗೆ ತೋರಿಸಿದ. ಆತ ದೊಡ್ಡ ಗಟ್ಟಿ ಆಳಲ್ಲ. ಆದರೂ ರಸ್ಟಿಯನ್ನು ಸಲೀಸಾಗಿ ಎತ್ತಿಬಿಟ್ಟ. ಇದೇನಿದು, ನನಗೂ ಬೇಕು ಅಂತ ಆಕೆಗೆ ಅನ್ನಿಸಿತು.

ಜೂಡೋ ಆಕೆಯನ್ನು ಬದಲಾಯಿಸಿತು. ಬೀದಿ ಜಗಳದಲ್ಲಿ ಸಿಟ್ಟೇ ಬಂಡವಾಳ. ಜೂಡೋದಲ್ಲಿ ಸಿಟ್ಟು ಮಾಡಿಕೊಂಡವರು ಮೊದಲು ಬೀಳ್ತಾರೆ, ಯಾಕಂದ್ರೆ ಸಿಟ್ಟಿನಲ್ಲಿ ಮುನ್ನುಗ್ಗಿದವರ ತೂಕ ಆಗಲೇ ಮುಂದಕ್ಕೆ ವಾಲಿರುತ್ತೆ. ಎದುರಿನವರು ಅದನ್ನು ಇನ್ನೊಂದು ಚೂರು ಎಳೆದರೆ ಸಾಕು. ಅಲ್ಲಿ ಬೇಕಾಗಿರೋದು ತಾಳ್ಮೆ. ಬೀದಿಯಲ್ಲಿ ಬೆಳೆದ ಹುಡುಗಿಗೆ ಇದನ್ನು ಕಲಿಯೋದೇ ದೊಡ್ಡ ಪಾಠ.

ಅಭ್ಯಾಸಕ್ಕೆ ಹುಡುಗಿಯರು ಸಿಗೋದು ಅಪರೂಪ. ಹಾಗಾಗಿ ಗಂಡಸರ ಜೊತೆಗೇ ಅಭ್ಯಾಸ. ದಿನಾ ಬೀಳೋದು, ಏಳೋದು. ವರ್ಷ ಕಳೆದ ಹಾಗೆ ಬೀಳೋದು ಕಮ್ಮಿಯಾಯ್ತು, ಬೀಳಿಸೋದು ಜಾಸ್ತಿಯಾಯ್ತು. ಆದರೆ ಪಂದ್ಯ? ಹೆಣ್ಣಿಗೆ ಪಂದ್ಯವೇ ಇರಲಿಲ್ಲ.

ಭಾಗ 4/10

ಈಗ ಮತ್ತೆ ಯೂಟಿಕಾಕ್ಕೆ ಬನ್ನಿ.

ರಸ್ಟಿ ಅಭ್ಯಾಸ ಮಾಡ್ತಿದ್ದ ತಂಡ ಆ ಪಂದ್ಯಾವಳಿಗೆ ಹೋಗಿತ್ತು. ಆಕೆ ಬದಲಿ ಆಟಗಾರರ ಪಟ್ಟಿಯಲ್ಲಿದ್ದರು. ತಂಡದ ಒಬ್ಬ ಆಟಗಾರನಿಗೆ ಗಾಯವಾಯ್ತು. ಆ ಜಾಗಕ್ಕೆ ಯಾರಾದರೂ ಇಳಿಯಲೇಬೇಕು.

ರಸ್ಟಿ ಕೂದಲು ಗಿಡ್ಡ ಮಾಡಿಸಿಕೊಂಡಿದ್ದರು. ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡರು. ಮೇಲೆ ಜೂಡೋ ಅಂಗಿ. ಸಾಲಿನಲ್ಲಿ ನಿಂತರೆ ಎಲ್ಲರ ಹಾಗೆ ಒಬ್ಬ ಹುಡುಗ. ಚಾಪೆಗೆ ಇಳಿದರು, ಗೆದ್ದರು.

ಇದರಲ್ಲಿ ಒಂದು ವಿಚಿತ್ರ ಇದೆ ನೋಡಿ. ಆ ಪಂದ್ಯಾವಳಿಯ ನಿಯಮದಲ್ಲಿ ಹೆಂಗಸರು ಆಡಬಾರದು ಅಂತ ಬರೆದೇ ಇರಲಿಲ್ಲ. ಯಾಕೆ? ಹೆಂಗಸು ಆಡೋಕೆ ಬರ್ತಾಳೆ ಅಂತ ಯಾರೂ ಯೋಚನೆನೇ ಮಾಡಿರಲಿಲ್ಲ. ಬರೆದಿಟ್ಟ ನಿಯಮ ಆದ್ರೆ ಪ್ರಶ್ನೆ ಮಾಡಬಹುದು, ತಿದ್ದಿಸಬಹುದು. ಯಾರೂ ಬರೆಯದೆ ಎಲ್ಲರೂ ಪಾಲಿಸೋ ನಿಯಮವನ್ನು ಏನು ಮಾಡೋದು?

ಆಯೋಜಕರು ಕೇಳಿದಾಗ ಇಲ್ಲ ಅಂದಿದ್ರೆ ಬಹುಶಃ ಅಲ್ಲಿಗೆ ಮುಗೀತಿತ್ತು. ಪದಕ ಜೇಬಿನಲ್ಲಿ, ಗುಟ್ಟು ತಂಡದೊಳಗೆ. ಆಕೆ ಹೌದು ಅಂದರು. ಪದಕ ಬಿಚ್ಚಿ ಕೊಟ್ಟರು.

ಅದಾದ ಮೇಲೆ ಅಮೆರಿಕದ ಜೂಡೋ ಪಂದ್ಯಗಳ ಪ್ರವೇಶ ಅರ್ಜಿಗಳಲ್ಲಿ ಹೊಸದೊಂದು ಪದ ಕಾಣಿಸಿಕೊಂಡಿತು: ‘ಪುರುಷ’.

ಒಬ್ಬ ಹುಡುಗಿ ಗೆದ್ದಳು, ಅದಕ್ಕೇ ಬಾಗಿಲಿಗೆ ಬೀಗ ಬಿತ್ತು. ಸೋತಿದ್ರೆ ಯಾರೂ ಗಮನಿಸ್ತಾನೇ ಇರಲಿಲ್ಲ. ಇದನ್ನು ಓದುವಾಗ ಸಿಟ್ಟು ಬರುತ್ತೆ, ನಿಜ. ಆದರೆ ಇನ್ನೊಂದು ಕಡೆಯಿಂದ ನೋಡಿ. ಬರೆಯದೇ ಇದ್ದ ನಿಯಮ ಈಗ ಕಾಗದದ ಮೇಲೆ ಬಂತು. ಕಾಗದದ ಮೇಲೆ ಇರೋದನ್ನು ಹೊಡೆದು ಹಾಕಬಹುದು.

ತನಗೆ ಆದದ್ದು ಇನ್ನೊಬ್ಬ ಹೆಣ್ಣುಮಗಳಿಗೆ ಆಗಬಾರದು ಅಂತ ಅವತ್ತೇ ತನ್ನ ಮನಸ್ಸಿಗೆ ಬಂತು ಅಂತ ರಸ್ಟಿ ವರ್ಷಗಳ ನಂತರವೂ ಹೇಳ್ತಿದ್ದರು.

ಭಾಗ 5/10

ಇಲ್ಲಿ ಒಂದು ನಿಮಿಷ ನಮ್ಮ ತಾಲ್ಲೂಕಿಗೆ ಬರೋಣ.

ತಾಳಗುಂದಕ್ಕೆ ಶಾಲೆ ಪ್ರವಾಸದಲ್ಲಾದರೂ ಹೋಗಿರ್ತೀರಿ. ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಲ್ಲಿನ ಕಂಬ ಇದೆ. ಅದರ ಮೇಲಿನ ಸಂಸ್ಕೃತ ಶಾಸನ ಕದಂಬರ ಮಯೂರಶರ್ಮನ ಕಥೆ ಹೇಳುತ್ತೆ. ಓದಲು ಕಂಚಿಗೆ ಹೋದ ಹುಡುಗ ಅಲ್ಲಿ ಪಲ್ಲವರ ಸವಾರನೊಬ್ಬನ ಜೊತೆ ಜಗಳವಾಗಿ ಅವಮಾನ ಅನುಭವಿಸಿದ. ದರ್ಭೆ, ಸಮಿತ್ತು ಹಿಡಿಯುತ್ತಿದ್ದ ಕೈ ಕತ್ತಿ ಹಿಡಿಯಿತು. ಕೊನೆಗೆ ಪಲ್ಲವರೇ ಆತನನ್ನು ಒಪ್ಪಿಕೊಳ್ಳಬೇಕಾಯ್ತು. ಬನವಾಸಿಯ ಕದಂಬ ರಾಜ್ಯ ಹುಟ್ಟಿದ್ದು ಹಾಗೆ.

ಮಯೂರನ ಕಥೆಯನ್ನು ನಾವು ಅವಮಾನದ ಕಥೆ ಅಂತ ನೆನಪಿಟ್ಟುಕೊಂಡಿಲ್ಲ. ಅವಮಾನದ ನಂತರ ಏನು ಕಟ್ಟಿದ ಅನ್ನೋದಕ್ಕೆ ನೆನಪಿಟ್ಟುಕೊಂಡಿದ್ದೇವೆ. ಆ ಸವಾರನ ಹೆಸರು ಯಾರಿಗೆ ಬೇಕು? ರಸ್ಟಿ ಕಥೆಯನ್ನೂ ಇದೇ ಕಣ್ಣಿಂದ ಓದಿ.

ಮನೆಯವರೆಗೆ ಬಂದ ಬಾಗಿಲು ಮುಚ್ಚಿದಾಗ ರಸ್ಟಿ ಮೂಲಕ್ಕೇ ಹೋದರು. 1962ರಲ್ಲಿ ಜಪಾನಿಗೆ ಹೊರಟರು, ಕೊಡೊಕಾನ್‌ಗೆ. ಮೊದಲು ಅವರನ್ನು ಸೇರಿಸಿದ್ದು ಮಹಿಳಾ ವಿಭಾಗಕ್ಕೆ. ಅಲ್ಲಿನ ಅಭ್ಯಾಸ ಅವರಿಗೆ ಸಾಲಲಿಲ್ಲ, ಅವರ ಬಲಕ್ಕೆ ಜೋಡಿಯೂ ಸಿಗಲಿಲ್ಲ. ಕೊನೆಗೆ ಗಂಡಸರು ಅಭ್ಯಾಸ ಮಾಡೋ ದೊಡ್ಡ ಅಂಗಳಕ್ಕೆ ಅವರನ್ನು ಬಿಟ್ಟರು. ಕೊಡೊಕಾನ್ ಇತಿಹಾಸದಲ್ಲಿ ಹಾಗೆ ಗಂಡಸರ ಜೊತೆ ಅಭ್ಯಾಸಕ್ಕೆ ಅವಕಾಶ ಸಿಕ್ಕ ಮೊದಲ ಹೆಣ್ಣು ರಸ್ಟಿ.

ಯೋಚನೆ ಮಾಡಿ. ಅಮೆರಿಕದಲ್ಲಿ ಹುಡುಗನ ವೇಷ ಹಾಕಿದರೂ ಹೊರಗೆ ಹಾಕಿದರು. ಜೂಡೋ ಹುಟ್ಟಿದ ಮನೆಯಲ್ಲಿ ಹೆಣ್ಣಾಗಿಯೇ ಒಳಗೆ ಹೋದರು. ಯಾವ ಕಾನೂನಿನ ಬಲದಿಂದಲೂ ಅಲ್ಲ, ಚಾಪೆಯ ಮೇಲೆ ತೋರಿಸಿದ್ದರ ಬಲದಿಂದ.

ಜಪಾನಿನಲ್ಲೇ ರ್ಯೋಹೇ ಕನೊಕೊಗಿ ಅನ್ನೋ ಜೂಡೋ ಪಟುವಿನ ಪರಿಚಯವಾಯ್ತು. 1964ರಲ್ಲಿ ನ್ಯೂಯಾರ್ಕ್‌ನಲ್ಲಿ ಇಬ್ಬರ ಮದುವೆ. ರೀನಾ ಗ್ಲಿಕ್‌ಮನ್ ಹೀಗೆ ರಸ್ಟಿ ಕನೊಕೊಗಿ ಆದರು. ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಜೂಡೋ ಬಂತು. ಗಂಡಸರಿಗೆ ಮಾತ್ರ.

ಭಾಗ 6/10

ಮೂವತ್ತರ ಹತ್ತಿರ ಬಂದ ರಸ್ಟಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ತನ್ನ ಆಟದ ವಯಸ್ಸು ಕಳೀತಾ ಇದೆ, ಪಂದ್ಯಗಳು ಬರೋ ಸೂಚನೆ ಇಲ್ಲ. ಆಟಗಾರ್ತಿ ಅಂತ ಹೇಳಿಕೊಳ್ಳೋಕೆ ದಾಖಲೆಯಲ್ಲಿ ಏನೂ ಇಲ್ಲ. ಇದ್ದ ಒಂದು ಪದಕವೂ ವಾಪಸ್ ಹೋಗಿತ್ತು.

ಬೇರೆಯವರಾಗಿದ್ರೆ ಬಿಟ್ಟುಬಿಡ್ತಿದ್ರು. ಇವರು ಕೋಚ್ ಆದರು. ಗಂಡನ ಜೊತೆ ಬ್ರೂಕ್ಲಿನ್‌ನಲ್ಲಿ ಜೂಡೋ ಕಲಿಸತೊಡಗಿದರು.

ಕೋಚ್ ಕೆಲಸ ಅಂದ್ರೆ ಸೀಟಿ ಊದೋದು ಅಂತ ನಮ್ಮಲ್ಲಿ ಬಹಳ ಜನ ಅಂದ್ಕೊಂಡಿದ್ದಾರೆ. ಜೂಡೋದಲ್ಲಿ ಕೋಚ್ ಕಲಿಸೋ ಮೊದಲ ಪಾಠ ಏನು ಗೊತ್ತಾ? ಬೀಳೋದು. ಬೀಳಿಸೋದಲ್ಲ, ಬೀಳೋದು. ಗದ್ದವನ್ನು ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ಕೈಯಿಂದ ಚಾಪೆಗೆ ಪಟಾರಂತ ಹೊಡೆದು ಬೀಳಬೇಕು. ಹಾಗೆ ಬಿದ್ದರೆ ತಲೆಗೆ ಪೆಟ್ಟಾಗಲ್ಲ, ಏಟಿನ ಜೋರು ಮೈಯೆಲ್ಲ ಹಂಚಿಹೋಗುತ್ತೆ. ಇದನ್ನೇ ವಾರಗಟ್ಟಲೆ ಮಾಡಿಸ್ತಾರೆ. ಬೀಳೋ ಹೆದರಿಕೆ ಹೋದ ಮೇಲೆಯೇ ಪಟ್ಟುಗಳ ಪಾಠ.

ಎರಡನೇ ಪಾಠ ಹಿಡಿತ. ಅಂಗಿಯ ಕಾಲರ್ ಎಲ್ಲಿ ಹಿಡೀಬೇಕು, ತೋಳು ಎಲ್ಲಿ ಹಿಡೀಬೇಕು, ಯಾವಾಗ ಎಳೀಬೇಕು, ಯಾವಾಗ ತಳ್ಳಬೇಕು. ಎದುರಾಳಿ ಒಂದು ಹೆಜ್ಜೆ ಎತ್ತಿದ ಆ ಅರೆಕ್ಷಣದಲ್ಲಿ ಆಕೆಯ ತೂಕ ಒಂದೇ ಕಾಲಿನ ಮೇಲಿರುತ್ತೆ. ಅದನ್ನು ಕಣ್ಣಿಂದ ನೋಡೋದಲ್ಲ, ಕೈಯಿಂದ ತಿಳೀಬೇಕು. ಪುಸ್ತಕ ಓದಿ ಬರೋ ವಿದ್ಯೆ ಅಲ್ಲ ಇದು. ಸಾವಿರ ಸಲ ಬಿದ್ದು ಎದ್ದವರು ಪಕ್ಕದಲ್ಲಿ ನಿಂತು ತಿದ್ದಬೇಕು.

ಹೆಣ್ಣುಮಕ್ಕಳಿಗೆ ಹಾಗೆ ತಿದ್ದೋರು ಯಾರಿದ್ರು? ತಾವೇ ಆಡಿ ಬಂದ ಹೆಣ್ಣು ಕೋಚ್‌ಗಳು ಬೆರಳೆಣಿಕೆ. ಆಟವೇ ಇಲ್ಲದ ಮೇಲೆ ಕೋಚ್ ಎಲ್ಲಿಂದ ಬರಬೇಕು? ಕೋಚ್ ಇಲ್ಲದ ಮೇಲೆ ಆಟ ಎಲ್ಲಿಂದ ಬೆಳೀಬೇಕು? ಈ ಸುತ್ತನ್ನು ಎಲ್ಲೋ ಒಂದು ಕಡೆ ಮುರೀಬೇಕಿತ್ತು.

ರಸ್ಟಿಗೆ ಬೇಗನೇ ತಿಳಿದ ವಿಷಯ ಇದು: ಶಿಷ್ಯೆಯರಿಗೆ ಎಷ್ಟೇ ಚೆನ್ನಾಗಿ ಕಲಿಸಿದರೂ, ಆಡೋಕೆ ಕಣವೇ ಇಲ್ಲದಿದ್ದರೆ ಆ ಕಲಿಕೆ ಅಂಗಳದೊಳಗೇ ಉಳಿಯುತ್ತೆ. ಹಾಗಾದ್ರೆ ಕಣವನ್ನೂ ತಾನೇ ಕಟ್ಟಬೇಕು.

ಭಾಗ 7/10

ಗಂಡಸರ ವಿಶ್ವ ಜೂಡೋ ಚಾಂಪಿಯನ್‌ಶಿಪ್ ಶುರುವಾಗಿದ್ದು 1956ರಲ್ಲಿ, ಟೋಕಿಯೊದಲ್ಲಿ. ಹೆಂಗಸರಿಗೆ? ಎಪ್ಪತ್ತರ ದಶಕದ ಕೊನೆಗೆ ಬಂದರೂ ಇಲ್ಲ. ಯುರೋಪಿನಲ್ಲಿ ಆ ದಶಕದ ನಡುವೆ ಹೆಣ್ಣುಮಕ್ಕಳ ಖಂಡಮಟ್ಟದ ಪಂದ್ಯಗಳು ಶುರುವಾಗಿದ್ದವು. ಜೂಡೋ ಹುಟ್ಟಿದ ಜಪಾನಿನಲ್ಲೇ ಹೆಣ್ಣುಮಕ್ಕಳ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದಿದ್ದು 1978ರಲ್ಲಿ.

ಒಲಿಂಪಿಕ್ಸ್‌ಗೆ ಹೋಗಬೇಕಾದ್ರೆ ಇದು ಹಲವಾರು ದೇಶಗಳಲ್ಲಿ, ಬೇರೆ ಬೇರೆ ಖಂಡಗಳಲ್ಲಿ ನಿಜವಾಗಿ ಆಡೋ ಆಟ ಅಂತ ತೋರಿಸಬೇಕು. ವಿಶ್ವ ಚಾಂಪಿಯನ್‌ಶಿಪ್ ಇಲ್ಲದೆ ಅದು ಆಗದು. ರಸ್ಟಿ ಅದನ್ನು ತಾವೇ ಮಾಡ್ತೀನಿ ಅಂತ ಹೊರಟರು. ಜಾಗ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಸಭಾಂಗಣ.

ದುಡ್ಡು? ಪ್ರಾಯೋಜಕರು ಮುಂದೆ ಬರಲಿಲ್ಲ. ಹೆಂಗಸರ ಜೂಡೋ ಯಾರು ನೋಡ್ತಾರೆ ಅನ್ನೋ ಲೆಕ್ಕ ಅವರದು. ರಸ್ಟಿ ತಮ್ಮ ಮನೆಯನ್ನೇ ಅಡ ಇಟ್ಟರು.

ಅಡ ಇಡೋದು ಅಂದ್ರೆ ಏನು ಅಂತ ನಮ್ಮ ಊರಿನ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಗಳ ಮದುವೆಗೆ, ಬೋರ್‌ವೆಲ್‌ಗೆ, ಆಸ್ಪತ್ರೆ ಖರ್ಚಿಗೆ ಮನೆಪತ್ರ, ಬಂಗಾರ ಅಡ ಇಡೋದು ನೋಡಿರ್ತೀರಿ. ಒಂದು ಪಂದ್ಯಾವಳಿಗೆ, ಅದೂ ತಾನು ಆಡದೇ ಇರೋ ಪಂದ್ಯಾವಳಿಗೆ ಮನೆ ಅಡ ಇಟ್ಟವರನ್ನು ನೋಡಿದ್ದೀರಾ?

1980ರ ನವೆಂಬರ್ 29 ಮತ್ತು 30. ಹೆಂಗಸರ ಮೊದಲ ವಿಶ್ವ ಜೂಡೋ ಚಾಂಪಿಯನ್‌ಶಿಪ್. 27 ದೇಶಗಳಿಂದ ಆಟಗಾರ್ತಿಯರು ಬಂದರು. ಏಳು ತೂಕದ ವಿಭಾಗ, ಜೊತೆಗೆ ತೂಕದ ಮಿತಿ ಇಲ್ಲದ ಮುಕ್ತ ವಿಭಾಗ, ಒಟ್ಟು ಎಂಟು ಚಿನ್ನ. 48 ಕೆ.ಜಿ. ವಿಭಾಗದಲ್ಲಿ ಬ್ರಿಟನ್ನಿನ ಜೇನ್ ಬ್ರಿಜ್ ಗೆದ್ದರು. ಆಸ್ಟ್ರಿಯಾದ ಹುಡುಗಿಯರು ಮೂರು ಚಿನ್ನ ಬಾಚಿಕೊಂಡರು. ಮುಕ್ತ ವಿಭಾಗದಲ್ಲಿ ಬೆಲ್ಜಿಯಂನ ಇಂಗ್ರಿಡ್ ಬರ್ಗ್‌ಮನ್ಸ್. 52 ಕೆ.ಜಿ.ಯಲ್ಲಿ ಬೆಳ್ಳಿ ಗೆದ್ದ ಜಪಾನಿನ ಕವೊರಿ ಯಾಮಾಗುಚಿ ಇನ್ನೂ ಹೈಸ್ಕೂಲ್ ವಯಸ್ಸಿನ ಹುಡುಗಿ. ನಾಲ್ಕು ವರ್ಷದ ನಂತರ ವಿಯೆನ್ನಾದಲ್ಲಿ ಆಕೆ ಚಿನ್ನ ಗೆದ್ದರು.

ಗಂಡಸರಿಗಿಂತ ಇಪ್ಪತ್ತನಾಲ್ಕು ವರ್ಷ ತಡ. ಆದರೂ ಕಣ ಸಿದ್ಧವಾಯ್ತು. ಹುಡುಗಿಯರು ಹುಡುಗಿಯರಾಗಿಯೇ, ಕೂದಲು ಕತ್ತರಿಸದೆ, ಎದೆಗೆ ಪಟ್ಟಿ ಸುತ್ತದೆ ಬಂದು ಆಡಿದರು.

ಭಾಗ 8/10

ಈಗ ಉಳಿದದ್ದು ಒಲಿಂಪಿಕ್ಸ್.

1984ರಲ್ಲಿ ಒಲಿಂಪಿಕ್ಸ್ ನಡೆದದ್ದು ಅಮೆರಿಕದಲ್ಲೇ, ಲಾಸ್ ಏಂಜಲೀಸ್‌ನಲ್ಲಿ. ಅಲ್ಲೂ ಹೆಂಗಸರ ಜೂಡೋ ಇರಲಿಲ್ಲ. ರಸ್ಟಿ ಪತ್ರ ಬರೆದರು, ಸಭೆಗಳಲ್ಲಿ ಜಗಳ ಆಡಿದರು, ಕೋರ್ಟಿಗೆ ಹೋಗ್ತೀನಿ ಅಂತ ಎಚ್ಚರಿಕೆ ಕೊಟ್ಟರು. ಕೋನಿ ಐಲ್ಯಾಂಡ್ ಬೀದಿಯ ಹುಡುಗಿ ಈಗ ಕಾನೂನಿನ ಭಾಷೆ ಕಲಿತಿದ್ದರು. ಸಿಟ್ಟು ಅದೇ. ಆದರೆ ಜೂಡೋ ಕಲಿಸಿದ ಹಾಗೆ ಈಗ ಅದು ತೂಕ ತಪ್ಪದ ಸಿಟ್ಟು.

1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಜೂಡೋವನ್ನು ಪ್ರದರ್ಶನ ಕ್ರೀಡೆಯಾಗಿ ಸೇರಿಸಿದರು. ಪ್ರದರ್ಶನ ಕ್ರೀಡೆ ಅಂದ್ರೆ, ಆಡಬಹುದು, ಆದರೆ ಆ ಪದಕ ದೇಶದ ಪದಕಗಳ ಲೆಕ್ಕಕ್ಕೆ ಬರಲ್ಲ. ಅರ್ಧ ತೆರೆದ ಬಾಗಿಲು ಅಂದ್ಕೊಳ್ಳಿ.

ಅಮೆರಿಕದ ಮಹಿಳಾ ತಂಡದ ಕೋಚ್ ಆಗಿ ಸೋಲ್‌ಗೆ ಹೋದವರು ಯಾರು? ರಸ್ಟಿ ಕನೊಕೊಗಿ. ಆಗ ಅವರಿಗೆ 53 ವರ್ಷ. ಅವರ ತಂಡದ ಲಿನ್ ರೋಟ್ಕಿ ಬೆಳ್ಳಿ ಗೆದ್ದರು, ಮಾರ್ಗರೆಟ್ ಕ್ಯಾಸ್ಟ್ರೊ ಕಂಚು ಗೆದ್ದರು. ಯೂಟಿಕಾದಲ್ಲಿ ಪದಕ ಬಿಚ್ಚಿಕೊಟ್ಟ ಹೆಂಗಸು ಇಪ್ಪತ್ತೊಂಬತ್ತು ವರ್ಷದ ನಂತರ ಒಲಿಂಪಿಕ್ಸ್ ಚಾಪೆಯ ಪಕ್ಕದಲ್ಲಿ ಕೋಚ್ ಆಗಿ ನಿಂತಿದ್ದರು.

1992ರ ಬಾರ್ಸಿಲೋನಾದಲ್ಲಿ ಬಾಗಿಲು ಪೂರ್ತಿ ತೆರೆಯಿತು. ಹೆಂಗಸರ ಜೂಡೋಗೆ ಏಳು ತೂಕದ ವಿಭಾಗ, ಗಂಡಸರಿಗೂ ಏಳು. ಸಮಸಮ. 48 ಕೆ.ಜಿ. ಫೈನಲ್‌ನಲ್ಲಿ ಫ್ರಾನ್ಸಿನ ಸೆಸಿಲ್ ನೊವಾಕ್ ಅವರು ಜಪಾನಿನ ಎಳೆಯ ಹುಡುಗಿ ರ್ಯೋಕೊ ತಮುರಾ ಅವರನ್ನು ಸೋಲಿಸಿದರು. ತಮುರಾ ಆಮೇಲೆ 2000 ಮತ್ತು 2004ರಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದು ಜೂಡೋದ ದೊಡ್ಡ ಹೆಸರಾದರು.

ಇನ್ನೊಂದು ಮಾತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹೊಸ ಸ್ಪರ್ಧೆ ಬಂತು: ಮಿಶ್ರ ತಂಡ. ಮೂವರು ಗಂಡಸರು, ಮೂವರು ಹೆಂಗಸರು. ಜಪಾನನ್ನು ಅದರ ಮನೆಯಲ್ಲೇ ಸೋಲಿಸಿ ಫ್ರಾನ್ಸ್ ಚಿನ್ನ ಗೆದ್ದಿತು.

1959ರಲ್ಲಿ ತಂಡದಲ್ಲಿ ಒಬ್ಬ ಹೆಣ್ಣು ಇದ್ದದ್ದೇ ತಪ್ಪಾಗಿತ್ತು. 2021ರಲ್ಲಿ ತಂಡದಲ್ಲಿ ಹೆಣ್ಣುಮಕ್ಕಳು ಇಲ್ಲದಿದ್ರೆ ಅದು ತಂಡವೇ ಅಲ್ಲ.

ಭಾಗ 9/10

ಇಷ್ಟೆಲ್ಲ ಆದ ಮೇಲೆ ಗೌರವಗಳು ಬಂದವು. 2008ರಲ್ಲಿ ಜಪಾನ್ ಸರ್ಕಾರ ರಸ್ಟಿ ಅವರಿಗೆ ‘ಉದಯಿಸುವ ಸೂರ್ಯ’ ಪದವಿ ಕೊಟ್ಟಿತು. ಪರದೇಶದವರಿಗೆ ಜಪಾನ್ ಕೊಡೋ ದೊಡ್ಡ ಗೌರವಗಳಲ್ಲಿ ಇದೂ ಒಂದು. ಬೆಲ್ಟಿನ ಮೇಲೆ ಬಿಳಿ ಗೆರೆ ಎಳೆದ ದೇಶವೇ ಕರೆದು ಸನ್ಮಾನ ಮಾಡಿತು.

2009ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ವೈಎಂಸಿಎ ಅವರಿಗೆ ಒಂದು ಚಿನ್ನದ ಪದಕ ಕೊಟ್ಟಿತು. 1959ರಲ್ಲಿ ವಾಪಸ್ ತಗೊಂಡ ಪದಕಕ್ಕೆ ಬದಲಾಗಿ. ಸರಿಯಾಗಿ ಐವತ್ತು ವರ್ಷ. ಆಗ ರಸ್ಟಿ ಕ್ಯಾನ್ಸರ್‌ನಿಂದ ಬಳಲುತ್ತಿದ್ದರು. ಅದೇ ವರ್ಷ ನವೆಂಬರ್ 21ರಂದು ತೀರಿಕೊಂಡರು. ವಯಸ್ಸು 74.

ನ್ಯಾಯ ಸಿಕ್ಕಿತಾ? ಐವತ್ತು ವರ್ಷ ತಡವಾಗಿ ಬಂದ ಪದಕಕ್ಕೆ ಸಂತೋಷ ಪಡೋದೋ, ಬೇಜಾರು ಮಾಡಿಕೊಳ್ಳೋದೋ? ಎರಡೂ ಸರಿ ಅನ್ಸುತ್ತೆ. ಆದರೆ ಲೆಕ್ಕ ಹಾಕಿ ನೋಡಿ. ಆ ಪದಕಕ್ಕಾಗಿ ಕಾಯ್ತಾ ಕೂತಿದ್ರೆ 1980 ಇರ್ತಿರಲಿಲ್ಲ, 1988 ಇರ್ತಿರಲಿಲ್ಲ. ಅವರು ತಮ್ಮ ಪದಕ ಕೇಳಿ ಹೋರಾಡಲಿಲ್ಲ. ಬೇರೆ ಹುಡುಗಿಯರು ಪದಕ ಗೆಲ್ಲೋ ಜಾಗಕ್ಕಾಗಿ ಹೋರಾಡಿದರು. ತಮ್ಮದು ಕೊನೆಗೆ ತಾನಾಗಿ ಬಂತು.

ಫುಕುದಾ ಕೆಯ್ಕೊ ನೆನಪಿದ್ದಾರಲ್ವಾ, ಐದನೇ ದರ್ಜೆಯಲ್ಲಿ ಇಪ್ಪತ್ತು ವರ್ಷ ನಿಂತವರು? ಅವರು 1966ರಲ್ಲಿ ಅಮೆರಿಕಕ್ಕೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೋಚ್ ಆದರು. ಮುಪ್ಪಿನಲ್ಲೂ ಕಲಿಸೋದು ಬಿಡಲಿಲ್ಲ. 2011ರಲ್ಲಿ, 98ನೇ ವಯಸ್ಸಿನಲ್ಲಿ, ಅಮೆರಿಕದ ಜೂಡೋ ಸಂಸ್ಥೆ ಅವರಿಗೆ ಹತ್ತನೇ ದರ್ಜೆ ಕೊಟ್ಟಿತು. ಅದಕ್ಕಿಂತ ಮೇಲೆ ಯಾರೂ ಏರಿದ್ದಿಲ್ಲ. 2013ರಲ್ಲಿ ತೀರಿಕೊಂಡಾಗ ನೂರು ತುಂಬೋಕೆ ಎರಡೇ ತಿಂಗಳು ಬಾಕಿ.

ಇಬ್ಬರದೂ ಬೇರೆ ಬೇರೆ ಸ್ವಭಾವ. ಒಬ್ಬರು ಬಾಗಿಲು ಒಡೆದವರು, ಇನ್ನೊಬ್ಬರು ಬಾಗಿಲ ಮುಂದೆ ಕದಲದೆ ನಿಂತವರು. ಇಬ್ಬರೂ ಕೊನೆಗೆ ಮಾಡಿದ್ದು ಒಂದೇ ಕೆಲಸ: ಕಲಿಸಿದರು.

ಭಾಗ 10/10

ಕೊನೇ ಪೋಸ್ಟ್. ಈಗ ನಮ್ಮ ಕಡೆಗೆ.

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಹೆಸರು ಕೇಳಿರ್ತೀರಿ. ಅಲ್ಲೇ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಅನ್ನೋ ತರಬೇತಿ ಕೇಂದ್ರ ಇದೆ. ಮಣಿಪುರದಿಂದ ಬಂದು ಅಲ್ಲಿ ಕಲಿತ ಲಿಂಥೋಯ್ ಚನಂಬಮ್ 2022ರ ಆಗಸ್ಟ್‌ನಲ್ಲಿ, ಬೋಸ್ನಿಯಾದ ಸರಾಯೇವೊದಲ್ಲಿ ನಡೆದ ಕೆಡೆಟ್ ವಿಶ್ವ ಜೂಡೋ ಚಾಂಪಿಯನ್‌ಶಿಪ್‌ನ 57 ಕೆ.ಜಿ. ವಿಭಾಗದಲ್ಲಿ ಚಿನ್ನ ಗೆದ್ದಳು. ಜೂಡೋ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಭಾರತಕ್ಕೆ ಅದು ಮೊದಲ ಚಿನ್ನ. ಗೆದ್ದವಳ ವಯಸ್ಸು ಹದಿನೈದು-ಹದಿನಾರರ ಆಸುಪಾಸು. ಅಂದ್ರೆ ನಮ್ಮ ಹತ್ತನೇ ಕ್ಲಾಸಿನ ಹುಡುಗಿಯರ ವಯಸ್ಸು. ಆ ಗೆಲುವಿಗೆ ಅಭ್ಯಾಸ ನಡೆದದ್ದು ನಮ್ಮ ಕರ್ನಾಟಕದ ಬಿಸಿಲಲ್ಲಿ.

ಬೆಳಗಾವಿ ಜಿಲ್ಲೆಯ ಮಲಪ್ರಭಾ ಜಾಧವ್ ರೈತರ ಮನೆಯ ಹುಡುಗಿ. ಜೂಡೋ ಕಲಿತು ಬಂದವರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಜೂಡೋದ ಹತ್ತಿರದ ಆಟವಾದ ಕುರಾಶ್‌ನಲ್ಲಿ, 52 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ಕುರಾಶ್ ಉಜ್ಬೇಕಿಸ್ತಾನದ ಕಡೆಯ ಕುಸ್ತಿ. ಅಲ್ಲೂ ಅಂಗಿ ಹಿಡಿದು ಎತ್ತಿ ಬೀಳಿಸೋದೇ.

ಮಣಿಪುರದ ಸುಶೀಲಾ ದೇವಿ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ 2014 ಮತ್ತು 2022, ಎರಡು ಸಲ ಬೆಳ್ಳಿ ಗೆದ್ದರು. ಟೋಕಿಯೊ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬರೇ ಜೂಡೋ ಪಟು ಸುಶೀಲಾ. 2024ರ ಪ್ಯಾರಿಸ್‌ಗೆ ಹೋದ ಒಬ್ಬರೇ ಜೂಡೋ ಪಟು ತೂಲಿಕಾ ಮಾನ್. ಗಮನಿಸಿ, ಎರಡು ಸಲವೂ ದೇಶದಿಂದ ಹೋದ ಒಬ್ಬರೇ ಒಬ್ಬರು ಹೆಣ್ಣು.

ಇವರಲ್ಲಿ ಯಾರೂ ಹುಡುಗನ ವೇಷ ಹಾಕಬೇಕಾಗಿ ಬರಲಿಲ್ಲ. ಅರ್ಜಿಯಲ್ಲಿ ‘ಪುರುಷ’ ಅನ್ನೋ ಪದ ಇವರನ್ನು ತಡೀಲಿಲ್ಲ. ಅದನ್ನು ಹೊಡೆದು ಹಾಕೋ ಕೆಲಸ ಇವರು ಹುಟ್ಟೋ ಮೊದಲೇ ಮುಗಿದಿತ್ತು.

ಆದರೂ ನಮ್ಮ ಕಡೆ ಬರೆಯದ ನಿಯಮಗಳು ಇನ್ನೂ ಇವೆ ಅಲ್ವಾ? ಎಂಟನೇ ಕ್ಲಾಸಿನವರೆಗೆ ಕಬಡ್ಡಿ, ಖೋಖೋ, ಓಟ ಎಲ್ಲದರಲ್ಲೂ ಮುಂದಿದ್ದ ಹುಡುಗಿ ಪಿಯುಸಿಗೆ ಬರುವಷ್ಟರಲ್ಲಿ ಮೈದಾನದ ಆಚೆ ಬ್ಯಾಗ್ ಕಾಯ್ತಾ ಕೂತಿರ್ತಾಳೆ. ಯಾರೂ ಬೇಡ ಅಂತ ಬರೆದಿಟ್ಟಿಲ್ಲ. ಸಂಜೆ ಬಸ್ ಇಲ್ಲ, ಜೊತೆಗೆ ಆಡೋರು ಇಲ್ಲ, ಕಲಿಸೋಕೆ ಮೇಡಂ ಇಲ್ಲ, ನೋಡಿದವರು ಏನಂತಾರೋ. ಒಂದೊಂದೂ ಸಣ್ಣ ಕಾರಣ. ಎಲ್ಲ ಸೇರಿದರೆ ಬಾಗಿಲು.

ಹಾಗಾಗಿ ಕೊನೆಗೆ ಎರಡು ಮಾತು. ಆಡೋ ಹುಡುಗಿಯರಿಗೆ: ಆಟ ಬಿಡೋ ಪರಿಸ್ಥಿತಿ ಬಂದ್ರೂ ಆಟದ ನಂಟು ಬಿಡಬೇಡಿ. ನೀವು ಕಲಿತದ್ದನ್ನು ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗಿಗೆ ಹೇಳಿಕೊಡಿ. ಕೋಚ್ ಅನ್ನೋರು ಹಂಗೇ ಹುಟ್ಟೋದು. ಹುಡುಗರಿಗೆ: ಮೈದಾನದಲ್ಲಿ ಜಾಗ ಬಿಡಿ ಅಂತ ಕೇಳ್ತಿಲ್ಲ, ಮೈದಾನ ನಿಮ್ಮದೂ ಹೌದು, ಅವರದೂ ಹೌದು. ಜೊತೆಗೆ ಆಡಿ ಅಂತ ಕೇಳ್ತಿದ್ದೀನಿ. 1959ರಲ್ಲಿ ರಸ್ಟಿ ಜೊತೆ ನಿಂತು ಗುಟ್ಟು ಕಾಪಾಡಿದ ಆ ತಂಡದ ಹುಡುಗರ ಹಾಗೆ.

ನಿಮ್ಮ ಶಾಲೆಯಲ್ಲಿ, ನಿಮ್ಮ ಓಣಿಯಲ್ಲಿ ಹೀಗೆ ಆಡಿ ಆಮೇಲೆ ಕಲಿಸೋಕೆ ನಿಂತ ಅಕ್ಕಂದಿರು, ಮೇಡಂಗಳು ಇದ್ರೆ ಅವರಿಗೆ ಈ ಸರಣಿ ಕಳಿಸಿ. ನಮ್ಮ ಕಡೆಯ ಕಲ್ಲುಗಳ ಮೇಲೆ ವೀರರ ಕಥೆ ಬೇಕಾದಷ್ಟಿದೆ. ಇವರ ಕಥೆಯನ್ನು ನಾವೇ ಬರೀಬೇಕು.

#ತೊಗರ್ಸಿ #ಶಿಕಾರಿಪುರ #ಸೊರಬ #ಜೂಡೋ #ರಸ್ಟಿಕನೊಕೊಗಿ #ಕ್ರೀಡಾಇತಿಹಾಸ #ಕನ್ನಡ